ಬಾಣೇರ್, ವಾಕಡ್ ಕಡೆ ಮೆಕ್ಸಿಕನ್ ಊಟ ಹುಡುಕುವವರಿಗೆ

ಪುಣೆಯ ಈ ಭಾಗದಲ್ಲಿರುವ ನಮ್ಮವರೇ, ಬರೀ ಆನ್‌ಲೈನ್ ಸ್ಟಾರ್ ರೇಟಿಂಗ್ ನೋಡಿ ಹೋಟೆಲ್ ಆರಿಸಬೇಡಿ. ಮೊದಲು ಫೋನ್ ಮಾಡಿ, ಟೋರ್ಟಿಯಾ (ಮೆಕ್ಸಿಕೋದ ತೆಳು ರೊಟ್ಟಿ) ಮೆಕ್ಕೆಜೋಳದ್ದಾ, ಮೈದಾದ್ದಾ ಅಂತ ಕೇಳಿ. ಮೆಕ್ಕೆಜೋಳವನ್ನು ಸುಣ್ಣದ ನೀರಲ್ಲಿ ಬೇಯಿಸಿ, ನೆನೆಸಿ, ರುಬ್ಬಿ ತಟ್ಟಿದ್ದಾದರೆ ಅದರ ಘಮವೇ ಬೇರೆ. ಮೈದಾದ್ದೂ ತಪ್ಪಲ್ಲ, ಉತ್ತರ ಮೆಕ್ಸಿಕೋದಲ್ಲಿ ಅದೇ ಜಾಸ್ತಿ. ಆದರೆ ಟೋರ್ಟಿಯಾದೊಳಗೆ ಹೂರಣ ಇಟ್ಟು ಮಡಿಚಿ ಕೊಡುವ ಟಾಕೊಗೆ ನನಗೆ ಮೆಕ್ಕೆಜೋಳದ್ದೇ ಬೇಕು.

ಆಮೇಲೆ ಗ್ರಾಹಕರು ಇತ್ತೀಚೆಗೆ ಹಾಕಿದ ಫೋಟೋ ಹಿಗ್ಗಿಸಿ ನೋಡಿ. ಪಿಕೊ ದೆ ಗಾಯೊ ಎಂಬ ಕೋಸಂಬರಿಯಂಥ ಹಸಿ ಸಾಲ್ಸಾದಲ್ಲಿ ಆಗಷ್ಟೇ ಹೆಚ್ಚಿದ ಟೊಮೆಟೊ, ಈರುಳ್ಳಿ, ಕೊತ್ತಂಬರಿ ಬಿಡಿಬಿಡಿಯಾಗಿ ಕಾಣಬೇಕು, ಅಲ್ವಾ? ಎಲ್ಲದರ ಮೇಲೂ ಚೀಸ್ ಸಾಸ್ ಸುರಿದಿದ್ದರೆ ಮುಂದೆ ಹೋಗಿ. ಸಸ್ಯಾಹಾರಿಗಳು ಬೀನ್ಸ್ (ರಾಜ್ಮಾದಂಥ ಕಾಳು) ಯಾವುದರಲ್ಲಿ ಹುರಿಯುತ್ತಾರೆ ಅಂತ ತಪ್ಪದೇ ವಿಚಾರಿಸಿ; ಮೆಕ್ಸಿಕೋದಲ್ಲಿ ಹಂದಿ ಕೊಬ್ಬು ಬಳಸುವುದುಂಟು. ಟಾಕೊ ಪಾರ್ಸೆಲ್ ತರಿಸಬೇಡಿ, ದಾರಿಯಲ್ಲೇ ಮೆತ್ತಗಾಗುತ್ತದೆ.