ಕೋರ್ ಸಿಕ್ಕಿದರೆ ಸಾಲದು, ಯಾವ ಕೋರ್ ಅಂತಲೂ ನೋಡಿ

ಸೂಪರ್‌ಕಂಪ್ಯೂಟರ್‌ನಲ್ಲಿ 96 ಕೋರ್ (ಚಿಪ್ ಒಳಗೆ ಲೆಕ್ಕ ಮಾಡುವ ಘಟಕ) ಕೇಳಿದಿರಿ, ಸಿಕ್ಕಿತು. ಆದರೂ ಪ್ರೋಗ್ರಾಂ ತೆವಳುತ್ತಿದೆ. ಕೋಡಿನಲ್ಲಿ ತಪ್ಪು ಹುಡುಕುವ ಮುಂಚೆ, ಯಾವ ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂನ ಒಂದು ಪ್ರತಿ) ಯಾವ ಕೋರ್ ಮೇಲೆ ಕೂತಿದೆ ಅಂತ ನೋಡಿಬಿಡಿ. ಎಷ್ಟೋ ಸಲ ಕಾಯಿಲೆ ಅಲ್ಲೇ ಇರುತ್ತದೆ.

ಬೆಂಗಳೂರಿನ ಐಐಎಸ್‌ಸಿಯಲ್ಲಿರುವ ಪರಮ್ ಪ್ರವೇಗವನ್ನೇ ತಗೊಳ್ಳಿ. 2022ರಲ್ಲಿ ಶುರುವಾದ 3.3 ಪೆಟಾಫ್ಲಾಪ್ಸ್ (ಸೆಕೆಂಡಿಗೆ 3,300 ಲಕ್ಷ ಕೋಟಿ ಲೆಕ್ಕ) ವೇಗದ ಸೂಪರ್‌ಕಂಪ್ಯೂಟರ್ ಅದು. ಅದರ ಸಿಪಿಯು ನೋಡ್ (ಒಟ್ಟಿಗೆ ಜೋಡಿಸಿದ ಕಂಪ್ಯೂಟರ್‌ಗಳಲ್ಲಿ ಒಂದು) ಒಂದರಲ್ಲಿ ಇಂಟೆಲ್ ಜಿಯಾನ್ ಚಿಪ್ ಎರಡು, ತಲಾ 24 ಕೋರ್, ಒಟ್ಟು 48. ಪ್ರತಿ ಚಿಪ್‌ಗೂ ತನ್ನದೇ ಮೆಮೊರಿ ಅಂಟಿಕೊಂಡಿದೆ. ಪಕ್ಕದ ಚಿಪ್‌ನ ಮೆಮೊರಿ ಕೂಡ ಓದಬಹುದು, ಆದರೆ ನಿಧಾನ. ಎಲ್ಲ ತಲೆನೋವಿನ ಮೂಲ ಇದೇ.

ಮೊದಲು ನೋಡ್ ಒಳಗೆ ಹೋಗಿ ಎಲ್‌ಎಸ್‌ಸಿಪಿಯು ಕಮಾಂಡ್ ಕೊಡಿ. ಸಾಕೆಟ್ (ಚಿಪ್ ಕೂರುವ ಜಾಗ) ಎಷ್ಟು, ಸಾಕೆಟ್‌ಗೆ ಕೋರ್ ಎಷ್ಟು, ಕೋರ್‌ಗೆ ಥ್ರೆಡ್ (ಕೆಲಸದ ಒಂದು ಎಳೆ) ಎಷ್ಟು ಅಂತ ತೋರಿಸುತ್ತದೆ. ಕೊನೆಯದು 2 ಅಂತಿದ್ದರೆ ಹೈಪರ್‌ಥ್ರೆಡಿಂಗ್ ಆನ್ ಆಗಿದೆ, ಅಂದರೆ ಒಂದೇ ಕೋರ್ ಎರಡಾಗಿ ಕಾಣುತ್ತಿದೆ ಅಂತ ಅರ್ಥ. ಪರದೆಯಲ್ಲಿ 96 ಸಿಪಿಯು ಕಂಡರೂ ನಿಜವಾದ ಕೋರ್ 48 ಮಾತ್ರ. 0 ಮತ್ತು 48ನೇ ಸಿಪಿಯು ಒಂದೇ ಕೋರಿನ ಎರಡು ಹೆಸರಾಗಿರಬಹುದು, ಹಾಗಾಗಿ ನಂಬರ್ ನಂಬಬೇಡಿ.

ಆಮೇಲೆ ಲೆಕ್ಕ. ಎಂಪಿಐ (ಪ್ರೋಸೆಸ್‌ಗಳು ಪರಸ್ಪರ ಮಾತಾಡುವ ವ್ಯವಸ್ಥೆ) ಜೊತೆ ಓಪನ್‌ಎಂಪಿ (ಒಂದು ಪ್ರೋಸೆಸ್ ಒಳಗೆ ಹಲವು ಥ್ರೆಡ್ ಓಡಿಸುವ ವ್ಯವಸ್ಥೆ) ಕೂಡ ಇರುವ ಪ್ರೋಗ್ರಾಂ ನಿಮ್ಮದು, ಹೈಪರ್‌ಥ್ರೆಡಿಂಗ್ ಆಫ್ ಇದೆ ಅಂದುಕೊಳ್ಳಿ. ಎರಡು ನೋಡ್, ನೋಡ್‌ಗೆ 4 ಪ್ರೋಸೆಸ್, ಪ್ರೋಸೆಸ್‌ಗೆ 12 ಥ್ರೆಡ್. ಅಲ್ಲಿಗೆ ಸಾಕೆಟ್‌ಗೆ ಸರಿಯಾಗಿ ಎರಡು ಪ್ರೋಸೆಸ್ ಬಂತು. ಸ್ಲರ್ಮ್ (ಬಳಕೆದಾರರಿಗೆ ನೋಡ್ ಹಂಚುವ ತಂತ್ರಾಂಶ) ಸ್ಕ್ರಿಪ್ಟ್‌ನಲ್ಲಿ ನೋಡ್ಸ್ 2, ಎನ್‌ಟಾಸ್ಕ್ಸ್-ಪರ್-ನೋಡ್ 4, ಸಿಪಿಯುಸ್-ಪರ್-ಟಾಸ್ಕ್ 12 ಅಂತ ಬರೆಯಿರಿ. ಇಲ್ಲೊಂದು ಕೊಕ್ಕೆ ಇದೆ. ಸ್ಲರ್ಮ್ 22.05ರಿಂದ ಬಂದ ಕೆಲವು ಆವೃತ್ತಿಗಳಲ್ಲಿ ಎಸ್‌ಬ್ಯಾಚ್‌ಗೆ (ಸ್ಕ್ರಿಪ್ಟ್ ಸಲ್ಲಿಸುವ ಕಮಾಂಡ್) ಹೇಳಿದ ಸಿಪಿಯುಸ್-ಪರ್-ಟಾಸ್ಕ್ ತಾನಾಗಿಯೇ ಎಸ್‌ರನ್‌ಗೆ (ಪ್ರೋಗ್ರಾಂ ಓಡಿಸುವ ಕಮಾಂಡ್) ಹೋಗುವುದಿಲ್ಲ. ಎಸ್‌ರನ್ ಸಾಲಿನಲ್ಲೂ ಇನ್ನೊಮ್ಮೆ ಬರೆಯಬೇಕು, ಇಲ್ಲದಿದ್ದರೆ ಪ್ರತಿ ಪ್ರೋಸೆಸ್‌ಗೂ ಒಂದೇ ಕೋರ್ ಸಿಕ್ಕಿ, 12 ಥ್ರೆಡ್‌ಗಳೂ ಅದರ ಮೇಲೇ ಸರದಿ ನಿಲ್ಲುತ್ತವೆ, ಉಳಿದ ಕೋರ್‌ಗಳು ಸುಮ್ನೆ ಕೂತಿರುತ್ತವೆ, ಎರರ್ ಮೆಸೇಜ್ ಅಂತೂ ಒಂದೂ ಬರುವುದಿಲ್ಲ. ಹಳೇ ಸ್ಕ್ರಿಪ್ಟ್ ಇಟ್ಟುಕೊಂಡಿರುವವರು ದಯವಿಟ್ಟು ಈಗಲೇ ತೆರೆದು ನೋಡಿ.

ಥ್ರೆಡ್‌ಗಳು ಅಲ್ಲಿಂದಿಲ್ಲಿಗೆ ಓಡಾಡದಂತೆ ಕಟ್ಟಿಹಾಕುವುದು ಮುಂದಿನ ಕೆಲಸ. ಅದಕ್ಕೆ ಓಪನ್‌ಎಂಪಿಯ ಮೂರು ಎನ್ವಿರಾನ್ಮೆಂಟ್ ವೇರಿಯಬಲ್ ಇವೆ. ಓಎಂಪಿ ನಮ್‌ ಥ್ರೆಡ್ಸ್‌ಗೆ 12, ಓಎಂಪಿ ಪ್ಲೇಸಸ್‌ಗೆ ಕೋರ್ಸ್, ಓಎಂಪಿ ಪ್ರಾಕ್ ಬೈಂಡ್‌ಗೆ ಕ್ಲೋಸ್ ಅಂತ ಕೊಟ್ಟರೆ ಸಾಕು. ಎಸ್‌ರನ್‌ಗೆ ಸಿಪಿಯು-ಬೈಂಡ್ ವರ್ಬೋಸ್,ಕೋರ್ಸ್ ಅಂತ ಸೇರಿಸಿ.

ಆ ವರ್ಬೋಸ್ ಇದೆಯಲ್ಲ, ಅದೇ ನಿಮ್ಮ ಕನ್ನಡಕ. ಓಡಲು ಶುರುವಾದ ಕೂಡಲೇ ಪ್ರತಿ ಪ್ರೋಸೆಸ್‌ಗೂ ಒಂದು ಮಾಸ್ಕ್ (ಯಾವ ಸಿಪಿಯು ಬಳಸಬಹುದು ಅಂತ ಹೇಳುವ ಸಂಖ್ಯೆ) ಪ್ರಿಂಟ್ ಆಗುತ್ತದೆ, ಹೆಕ್ಸ್ ಸಂಖ್ಯೆಯಲ್ಲಿ, ಅಂದರೆ ಹದಿನಾರರ ಲೆಕ್ಕದಲ್ಲಿ. ಒಂದು ಎಫ್ ಅಂದರೆ ನಾಲ್ಕು ಸಿಪಿಯು. ಹೈಪರ್‌ಥ್ರೆಡಿಂಗ್ ಆಫ್ ಇದ್ದರೆ ಮೂರು ಎಫ್ ಕಾಣಬೇಕು, ಅಂದರೆ 12 ಕೋರ್. ಬರೀ 1 ಕಂಡರೆ ಮೇಲಿನ ಕೊಕ್ಕೆಗೆ ಸಿಕ್ಕಿಬಿದ್ದಿದ್ದೀರಿ. ಎರಡನೇ ಪ್ರೋಸೆಸ್‌ನ ಮಾಸ್ಕ್‌ನಲ್ಲಿ ಮೂರು ಎಫ್ ಆದ ಮೇಲೆ ಆರು ಸೊನ್ನೆ ಇದ್ದರೆ ಗಾಬರಿ ಬೇಡ. ಆರು ಸೊನ್ನೆ ಅಂದರೆ 24 ಕೋರ್ ದಾಟಿ ಎರಡನೇ ಸಾಕೆಟ್‌ಗೆ ಹೋಗಿದೆ ಅಂತ, ಕೋರ್ ನಂಬರ್ ಸಾಕೆಟ್ ಪ್ರಕಾರ ಸಾಲಾಗಿದ್ದರೆ. ಸ್ಲರ್ಮ್‌ನ ರೂಢಿಯೇ ಹಾಗೆ: ಒಂದು ನೋಡ್ ತುಂಬಿದ ಮೇಲೆ ಇನ್ನೊಂದಕ್ಕೆ ಹೋಗುತ್ತದೆ, ಆದರೆ ನೋಡ್ ಒಳಗೆ ಸಾಕೆಟ್‌ಗಳಿಗೆ ಸರದಿಯಲ್ಲಿ ಹಂಚುತ್ತದೆ. ಅಕ್ಕಪಕ್ಕದ ಪ್ರೋಸೆಸ್‌ಗಳು ಜಾಸ್ತಿ ಮಾತಾಡಿಕೊಳ್ಳುವ ಪ್ರೋಗ್ರಾಂ ಆದರೆ ಡಿಸ್ಟ್ರಿಬ್ಯೂಷನ್ ಬ್ಲಾಕ್:ಬ್ಲಾಕ್ ಅಂತ ಕೊಟ್ಟು ಹೋಲಿಸಿ ನೋಡಬಹುದು. ಎಸ್‌ರನ್ ಬದಲು ಎಂಪಿರನ್ ಬಳಸುವವರಿಗೆ ಓಪನ್ ಎಂಪಿಐನಲ್ಲಿ (ಎಂಪಿಐನ ಒಂದು ರೂಪ, ಓಪನ್‌ಎಂಪಿ ಅಲ್ಲ) ರಿಪೋರ್ಟ್-ಬೈಂಡಿಂಗ್ಸ್ ಅಂತ ಇದೆ, ಅದೂ ಇದೇ ಕೆಲಸ ಮಾಡುತ್ತದೆ.

ಎಲ್ಲ ಸರಿ ಇದ್ದೂ ನಿಧಾನವಾ? ಅರೇಗಳಿಗೆ ಮೊದಲ ಬೆಲೆ ತುಂಬುವ ಲೂಪ್ ನೋಡಿ. ಲಿನಕ್ಸ್ ಮೆಮೊರಿ ಕೊಡುವುದು ಮ್ಯಾಲಾಕ್ (ಮೆಮೊರಿ ಕೇಳುವ ಫಂಕ್ಷನ್) ಕರೆದಾಗ ಅಲ್ಲ, ಅದರಲ್ಲಿ ಮೊದಲು ಬರೆದಾಗ, ಅದೂ ಬರೆದ ಥ್ರೆಡ್ ಇರುವ ಸಾಕೆಟ್‌ನಲ್ಲೇ. ನೋಡ್‌ಗೆ ಒಂದೇ ಪ್ರೋಸೆಸ್, 48 ಥ್ರೆಡ್ ಅಂತ ಓಡಿಸುತ್ತಾ ಆ ಲೂಪನ್ನು ಒಂದೇ ಥ್ರೆಡ್‌ನಲ್ಲಿ ಬರೆದಿದ್ದರೆ ಸಾಮಾನ್ಯವಾಗಿ ಡೇಟಾ ಪೂರ್ತಿ ಒಂದೇ ಸಾಕೆಟ್‌ನಲ್ಲಿ, ಇನ್ನೊಂದು ಸಾಕೆಟ್‌ನ 24 ಕೋರ್ ದೂರದಿಂದ ಎಳೆದುಕೊಳ್ಳಬೇಕು. ಲೆಕ್ಕ ಮಾಡುವ ಲೂಪ್ ಹೇಗೆ ಹಂಚಿದ್ದೀರೋ, ತುಂಬುವ ಲೂಪನ್ನೂ ಹಾಗೇ ಹಂಚಿ.

ಇನ್ನೊಂದು ಮಾತು. ಕೋರ್ ನಂಬರ್‌ಗಳನ್ನು ಕೈಯಾರೆ ಸ್ಕ್ರಿಪ್ಟ್‌ನಲ್ಲಿ ಬರೆಯುವ ಚಾಳಿ ಬೇಡ. ನೋಡ್ ಬೇರೆಯವರ ಜೊತೆ ಹಂಚಿಕೆ ಆಗಿದ್ದರೆ ನಿಮಗೆ ಸಿಗುವ ಕೋರ್‌ಗಳು ಪ್ರತಿ ಸಲ ಬೇರೆ ಬೇರೆ.