ಹಳೇ ನವಾಹೊ ಬೆಳ್ಳಿ ಕೈಗೆ ಬಂದ್ರೆ ಮೊದಲು ತಿರುಗಿಸಿ ನೋಡಿ, ಹುಣಸೆಹಣ್ಣು ದೂರ ಇಡಿ

ಅಮೆರಿಕದ ಅರಿಝೋನಾದಲ್ಲಿ ಸುಮಾರು ವರ್ಷ ಇದ್ದು ವಾಪಸ್ ಬಂದ ನಮ್ಮ ಚಿಕ್ಕಮ್ಮ ನಂಗೊಂದು ಹಳೇ ಬೆಳ್ಳಿ ಕಡಗ ಕೊಟ್ರು, ಅಲ್ಲಿನ ಮೂಲನಿವಾಸಿಗಳಾದ ನವಾಹೊ ಜನ ಮಾಡಿದ್ದು, ಮಧ್ಯದಲ್ಲಿ ದೊಡ್ಡ ನೀಲಿ ಕಲ್ಲು, ಬೆಳ್ಳಿ ಮಾತ್ರ ಸಂದುಗೊಂದೆಲ್ಲಾ ಕಪ್ಪು. ಅಮ್ಮ ನೋಡಿದ್ದೇ ತಡ, "ಕೊಡೇ ಇಲ್ಲಿ, ಹುಣಸೆಹಣ್ಣು ಹಾಕಿ ಉಜ್ಜಿ ಫಳಫಳ ಮಾಡ್ಕೊಡ್ತೀನಿ" ಅಂತ ಅಡುಗೆಮನೆಗೆ ಹೊರಟೇಬಿಟ್ಲು. ಬಾಗಿಲಲ್ಲೇ ತಡೆದೆ. ಆ ಕಪ್ಪು ಹೋದ್ರೆ ಕಡಗದ ಅರ್ಧ ಕಥೆ ಹೋದ ಹಾಗೆ. ನಿಮ್ಗೂ ಇಂಥದ್ದು ಯಾರಾದ್ರೂ ಕೊಟ್ರೆ ಅಥವಾ ಆನ್‌ಲೈನಲ್ಲಿ ತಗೊಳ್ಳೋ ಆಸೆ ಇದ್ರೆ ಏನ್ ನೋಡ್ಬೇಕು ಅಂತ ಹೇಳ್ತೀನಿ.

ಫಸ್ಟ್ ಕೆಲಸ, ಒಡವೆನ ತಿರುಗಿಸಿ. ಮುಂಭಾಗಕ್ಕೆ ಯಾರ್ ಬೇಕಾದ್ರೂ ಮೋಸ ಮಾಡ್ತಾರೆ, ಹಿಂಭಾಗಕ್ಕೆ ಅಷ್ಟು ತಲೆ ಕೆಡಿಸ್ಕೊಳ್ಳಲ್ಲ. ಕೈಯಲ್ಲಿ ಅಚ್ಚು ಇಟ್ಟು ಸುತ್ತಿಗೆಯಲ್ಲಿ ಹೊಡೆದಿದ್ರೆ ಪ್ರತಿ ಏಟಿನ ಆಳ ಒಂದೇ ಥರ ಇರಲ್ಲ, ಒಂದು ಚೂರು ವಾಲಿರತ್ತೆ, ಒಂದು ಪಕ್ಕದ್ದರ ಮೇಲೆ ಏರಿರತ್ತೆ, ಹಿಂದೆ ಅದರ ನೆರಳಿನ ಥರ ಉಬ್ಬು ಕಾಣ್ಬೋದು. ಎಲ್ಲಾ ಗೆರೆನೂ ಸ್ಕೇಲ್ ಇಟ್ಟಂಗೆ ಒಂದೇ ಸಮ ಇದ್ರೆ ಮೆಷಿನ್ ಪ್ರೆಸ್ ಅಂತ ಅನುಮಾನ ಪಡಿ. ಆ ಅಚ್ಚುಗಳನ್ನೂ ನವಾಹೊ ಕೆಲಸಗಾರ್ರೇ ಹಳೇ ಉಕ್ಕಿನ ತುಂಡುಗಳಿಂದ ಕಡೆದು ಮಾಡ್ಕೋತಿದ್ರು, ನಮ್ಮ ಆಚಾರ್ರು ತಮ್ಮ ಉಳಿ ತಾವೇ ಮಾಡ್ಕೊಳ್ಳೋ ಹಾಗೆ.

ಹಿಂದೆ 925 ಅಂತ, ಅಂದ್ರೆ 92.5 ಪರ್ಸೆಂಟ್ ಬೆಳ್ಳಿ ಅಂತ, ಸೀಲ್ ಇಲ್ಲ, ಹೆಸರಿಲ್ಲ ಅಂತ ಗಾಬರಿ ಬೇಡ. ನವಾಹೊ ಕುಶಲಕರ್ಮಿಗಳು ತಮ್ಮ ಗುರುತು ಹೊಡೆಯೋದು ಜೋರಾಗಿದ್ದು 1970ರ ದಶಕದಿಂದ, ಅದಕ್ಕೆ ಮುಂಚಿನ ಬಹಳಷ್ಟು ಮಾಲಲ್ಲಿ ಗುರುತೇ ಇರಲ್ಲ. ಉಲ್ಟಾ ಕೇಸಲ್ಲೇ ಹುಷಾರಾಗಿರ್ಬೇಕು, "1900ರದ್ದು" ಅಂತ ಹೇಳಿ 925 ಸೀಲ್ ತೋರ್ಸಿದ್ರೆ ಸುಮ್ನೆ ಎದ್ದು ಬನ್ನಿ.

ಯಾಕೆ ಅಂದ್ರೆ ಆಗ ಅವ್ರಿಗೆ ಬೆಳ್ಳಿ ಸಿಗ್ತಿದ್ದಿದ್ದೇ ನಾಣ್ಯದಿಂದ. ನವಾಹೊ ಜನ, ಅವ್ರೇ ಹೇಳ್ಕೊಳ್ಳೋದು ದಿನೆ ಅಂತ, ಅವ್ರಲ್ಲಿ ಮೊದಲ ಬೆಳ್ಳಿ ಕೆಲಸಗಾರ ಅಂತ ಹೇಳೋದು ಅಟ್ಸಿಡಿ ಸಾನಿನ, ಅರ್ಥ "ಹಳೇ ಕಮ್ಮಾರ". ಕಬ್ಬಿಣದ ಕೆಲಸ ಒಬ್ಬ ಮೆಕ್ಸಿಕನ್ ಕಮ್ಮಾರನ ಹತ್ರ ಕಲ್ತಿದ್ದು. 1864ರಲ್ಲಿ ಅಮೆರಿಕನ್ ಸೈನ್ಯ ನವಾಹೊ ಜನರನ್ನ ನೂರಾರು ಮೈಲಿ ನಡೆಸಿ ನ್ಯೂ ಮೆಕ್ಸಿಕೋದ ಬಾಸ್ಕ್ ರೆಡೊಂಡೊ ಅನ್ನೋ ಜಾಗದಲ್ಲಿ ಕೂಡಿ ಹಾಕ್ತು, 1868ರಲ್ಲಿ ಊರಿಗೆ ವಾಪಸ್ ಬಿಟ್ಟ ಮೇಲೆ ಬೆಳ್ಳಿ ಕೆಲಸ ಬೇರು ಬಿಡ್ತು. ಅಮೆರಿಕನ್ ಡಾಲರ್, ಮೆಕ್ಸಿಕನ್ ಪೆಸೊ ಕರಗಿಸಿ, ಗಟ್ಟಿ ಮಾಡಿ, ಬಡಿದು ಬಡಿದು ತಗಡು ಮಾಡ್ತಿದ್ರು. ಡಾಲರಲ್ಲಿ ಬೆಳ್ಳಿ 90 ಪರ್ಸೆಂಟ್, ನಮ್ಮಜ್ಜಿ ಡಬ್ಬಿಯಲ್ಲಿರೋ ವಿಕ್ಟೋರಿಯಾ ರಾಣಿ ರೂಪಾಯಿಯಲ್ಲಿ ಸುಮಾರು 91.7, ಹೆಚ್ಚುಕಮ್ಮಿ ಅದೇ ದರ್ಜೆ. 92.5ರ ರೆಡಿಮೇಡ್ ತಗಡು ಮಾಮೂಲಿ ಆಗಿದ್ದು 1930ರ ಆಸುಪಾಸಿಂದ.

ಹಾಗಾಗಿ ನಗರ್ತಪೇಟೆಗೋ ಅವೆನ್ಯೂ ರೋಡಿಗೋ ತಗೊಂಡ್ಹೋದಾಗ ಮೆಷಿನಲ್ಲಿ 90 ಅಂತ ಬಂದ್ರೆ ಅಂಗಡಿಯವ್ರು "ಮಾಲು ಕಮ್ಮಿ ಮೇಡಂ" ಅಂತಾರೆ, ನೀವು ಒಳಗೊಳಗೇ ಖುಷಿ ಪಡಿ. ಎಕ್ಸ್‌ರೇ ಮೆಷಿನ್ ಟೆಸ್ಟ್ ಮಾತ್ರ ಸಾಕು, ಆಸಿಡ್ ಬೇಡ, ಅರದಲ್ಲಿ ಉಜ್ಜಿ ನೋಡೋದಂತೂ ಬೇಡ್ವೇ ಬೇಡ. ಜರ್ಮನ್ ಸಿಲ್ವರ್ ಅಂತ ಗೊತ್ತಾದ್ರೆ ಅದರಲ್ಲಿ ಬೆಳ್ಳಿ ಒಂದು ಗುಲಗಂಜಿನೂ ಇರಲ್ಲ, ಬರೀ ತಾಮ್ರ ನಿಕಲ್ ಸತು, ಆದ್ರೂ ನವಾಹೊಗಳು ಅದ್ರಲ್ಲೂ ಕೆಲಸ ಮಾಡಿದ್ದಾರೆ ಅಂತ ನೆನಪಿರ್ಲಿ. ತೂಕದ ರೇಟಿಗೆ ಕೊಡ್ಬೇಡಿ, ಅವ್ರು ಕರಗಿಸೋಕೆ ತಗೊಳ್ಳೋದು.

ಬಾಣ, ದೊಡ್ಡ ಹಕ್ಕಿ ಇವೆಲ್ಲ ಒತ್ತಿರೋ ಹಗುರ ಕಡಗ ಸಿಕ್ರೆ ಅದು ಟೂರಿಸ್ಟ್ ಮಾಲಿರ್ಬೋದು. ರೈಲ್ವೆ ಹೋಟೆಲ್ ನಡೆಸ್ತಿದ್ದ ಫ್ರೆಡ್ ಹಾರ್ವೆ ಕಂಪನಿ 1899ರಿಂದ ಇಂಥ ಹಗುರದ್ದು ಆರ್ಡರ್ ಕೊಟ್ಟು ಮಾಡಿಸ್ತಿತ್ತು. ಅದನ್ನೇ ಕೂಡಿಡೋರೂ ಇದಾರೆ, ಆದ್ರೆ ದಪ್ಪ ಹಳೇದರ ರೇಟ್ ಕೊಡ್ಬೇಡಿ. ಆನ್‌ಲೈನಲ್ಲಿ "ನವಾಹೊ ಸ್ಟೈಲ್" ಅನ್ನೋ ಪದ ಕಂಡ್ರೆ ಮುಂದೆ ಸ್ಕ್ರೋಲ್ ಮಾಡಿ. ಅಮೆರಿಕದಲ್ಲಿ 1990ರ ಕಾನೂನು ಪ್ರಕಾರ ಮೂಲನಿವಾಸಿಗಳು ಮಾಡದ್ದನ್ನ ಅವ್ರು ಮಾಡಿದ್ದು ಅಂತ ಮಾರೋದು ಅಪರಾಧ, ಅದಕ್ಕೇ ಆ "ಸ್ಟೈಲ್" ಅನ್ನೋ ಜಾಣತನ.

ಇನ್ನು ಕಲ್ಲು. ಅದು ಟರ್ಕಾಯ್ಸ್, ನಮ್ಮ ಕಡೆ ಫಿರೋಜಾ ಅಂತಾರಲ್ಲ ಅದೇ. ಬೆಳ್ಳಿಗೆ ಕಲ್ಲು ಕೂರ್ಸೋದು ಶುರುವಾಗಿದ್ದು ಸುಮಾರು 1880ರಲ್ಲಿ. ಇದು ಮೆತ್ತಗಿನ ಕಲ್ಲು, ಸಣ್ಣ ಸಣ್ಣ ರಂಧ್ರ ಇರತ್ತೆ, ಕೊಬ್ಬರಿ ಎಣ್ಣೆ, ಸೋಪು, ಬೆವರು ಎಲ್ಲಾ ಕುಡಿದು ನಿಧಾನಕ್ಕೆ ಹಸಿರಾಗತ್ತೆ. ಬಿಳೀ ಕಲ್ಲಿಗೆ ಬಣ್ಣ ಹಾಕಿ ಮಾರೋದೂ ಇದೆ, ಮೂಲೇಲಿ ಬಣ್ಣ ಬಿಟ್ಟಿದ್ಯಾ ನೋಡಿ.

ನಂಗೆ ಯಾರೂ ಹೇಳದೇ ಇದ್ದ ವಿಷ್ಯ ಅಂದ್ರೆ, ಹಳೇದ್ರಲ್ಲಿ ಕಲ್ಲಿನ ಕೆಳಗೆ ಮರದ ಹೊಟ್ಟು ತುಂಬಿರ್ತಾರೆ, ಕಲ್ಲು ಅಲ್ಲಾಡದೆ ಮೆತ್ತೆ ಥರ ಕೂರ್ಲಿ ಅಂತ. ಒಂದು ಅಂಗಡಿಯಲ್ಲಿ, ಹೆಸರು ಬೇಡ, "ಎರಡೇ ನಿಮಿಷ" ಅಂತ ನನ್ ಕಡಗನ ಅಲ್ಟ್ರಾಸೋನಿಕ್ ಕ್ಲೀನಿಂಗ್ ಮೆಷಿನ್ನಿನ ನೀರಿಗೆ ಹಾಕ್ಬಿಟ್ರು, ಹೊಟ್ಟು ನೆಂದು ಉಬ್ಬಿ ಕಲ್ಲು ಮೇಲಕ್ಕೆ ತಳ್ಕೊಂಡು ಬಂತು, ಸುತ್ತ ಹಿಡಿದಿರೋ ಬೆಳ್ಳಿ ಪಟ್ಟಿ ಬಿಗಿ ಮಾಡ್ಸೋಕೆ ಮತ್ತೆ ಓಡಾಟ. ಅದಕ್ಕೇ ನೀರಲ್ಲಿ ನೆನೆಸ್ಬೇಡಿ, ಪಾತ್ರೆ ತೊಳೆಯೋವಾಗ ತೆಗೆದಿಡಿ.

ಕ್ಲೀನಿಂಗ್ ಅಂದ್ರೆ ಇಷ್ಟೇ, ಒಣ ಕಾಟನ್ ಬಟ್ಟೆ, ಹಳೇ ಬನಿಯನ್ ಆದ್ರೂ ಓಕೆ, ಮೇಲಿನ ಉಬ್ಬು ಭಾಗ ಮಾತ್ರ ಒರೆಸಿ, ಗುಂಡಿಯೊಳಗಿನ ಕಪ್ಪು ಹಾಗೇ ಬಿಡಿ, ಅಚ್ಚಿನ ಡಿಸೈನ್ ಎದ್ದು ಕಾಣೋದೇ ಆ ಕಪ್ಪಿಂದ. ಟೂತ್‌ಪೇಸ್ಟ್, ಹುಣಸೆಹಣ್ಣು, ಪಾತ್ರೆ ಪೌಡರ್ ಬೇಡ, ವಿಭೂತಿ ದೀಪದ ಕಂಬಕ್ಕಿರ್ಲಿ. ಯೂಟ್ಯೂಬಲ್ಲಿ ತೋರ್ಸೋ ಫಾಯಿಲ್, ಸೋಡಾ, ಬಿಸಿನೀರಿನ ಟ್ರಿಕ್ ಮೂಲೆ ಮೂಲೆಯ ಕಪ್ಪನ್ನೂ ಎಳೆದು ಹಾಕತ್ತೆ, ಜೊತೆಗೆ ಕಲ್ಲೂ ಹಾಳು.

ಈ ಕಡಗದ ಬಾಯಿ ತೆರೆದಿರತ್ತೆ, ಹಾಕ್ಕೊಳ್ಳೋವಾಗ ಅದನ್ನ ಅಗಲಿಸ್ಬೇಡಿ. ಮಣಿಕಟ್ಟಿನ ಪಕ್ಕದಿಂದ, ಮೂಳೆ ಕಡೆ ಸಣ್ಣ ಜಾಗದಲ್ಲಿ ಒಂದು ತುದಿ ಇಟ್ಟು ಉರುಳಿಸಿ, ದಿನಾ ಬಗ್ಗಿಸಿದ್ರೆ ಮಧ್ಯದಲ್ಲಿ ಬಿರುಕು ಬಿಡತ್ತೆ. ಮಳೆಗಾಲದಲ್ಲಿ ಜಿಪ್ ಕವರಲ್ಲಿ ಒಂದು ಸೀಮೆಸುಣ್ಣದ ತುಂಡಿನ ಜೊತೆ ಇಡಿ, ರಬ್ಬರ್ ಬ್ಯಾಂಡ್ ಮಾತ್ರ ಸುತ್ಬೇಡಿ, ಅದರಲ್ಲಿರೋ ಗಂಧಕಕ್ಕೆ ಬೆಳ್ಳಿ ಮೇಲೆ ಕರಿ ಗೆರೆ ಬೀಳತ್ತೆ. ಅಮ್ಮ ಈಗ ಆ ಕಡಗ ಹಾಕ್ಕೊಂಡೇ ಮದುವೆಗಳಿಗೆ ಹೋಗ್ತಾಳೆ, "ಯಾಕ್ರೀ ಕಪ್ಪಾಗಿದೆ, ತಿಕ್ಕಿಲ್ವಾ" ಅಂತ ಕೇಳಿದವ್ರಿಗೆಲ್ಲ ಅಟ್ಸಿಡಿ ಸಾನಿ ಕಥೆ ಶುರು ಮಾಡ್ತಾಳೆ.