ಎಲೆ ಬೇಡ: ಜಪಾನಿನ ಉಮೆ ಕೊಂಬೆ ಬರೆಯುವ ಬಗೆ

ಬಾಗಲಕೋಟೆಯ ನವನಗರದಲ್ಲಿ ನಮ್ಮ ಮನೆಯ ಮಾಳಿಗೆಯ ಮೇಲೆ ಪ್ರತಿ ಭಾನುವಾರ ಮಕ್ಕಳಿಗೆ ಚಿತ್ರ ಹೇಳಿಕೊಡುತ್ತೇನೆ. ಒಮ್ಮೆ ಒಬ್ಬ ಹುಡುಗಿ ಉಮೆ (ಜಪಾನಿನ ಪ್ಲಮ್ ಜಾತಿಯ ಹೂಮರ) ಕೊಂಬೆ ಬರೆದು ಅದರ ತುಂಬ ಹಸಿರೆಲೆ ಹಾಕಿದ್ದಳು. “ಸರ, ಟೊಂಗಿ ಬೋಳ ಕಾಣ್ತಿತ್ರಿ, ಅದಕ್ಕ ಎಲಿ ಹಾಕೀನ್ರಿ” ಅಂದಳು. ಕೈ ಚೆನ್ನಾಗಿತ್ತು, ಆದರೆ ಎಲೆ ಬಂದಿದ್ದೇ ತಡ, ಅರ್ಥ ಹೋಯಿತು. ಉಮೆ ಅರಳುವುದು ಚಳಿ ಇನ್ನೂ ಮುಗಿಯದಿರುವಾಗ, ಒಂದೂ ಎಲೆಯಿಲ್ಲದ ಕೊಂಬೆಯಲ್ಲಿ. ಕೆಲವೊಮ್ಮೆ ಹಿಮದ ನಡುವೆಯೇ. ಜಪಾನಿನ ಚಿತ್ರಕಾರರಿಗೆ ಅದು ಛಲದ ಹೂವಾದದ್ದು ಅದಕ್ಕೇ.

ನಮ್ಮ ಕಡೆ ಉಮೆ ಇಲ್ಲ. ಹೊಲದ ಬದುವಿನ ಬಾರಿ ಗಿಡದ ಒಣ ಟೊಂಗೆ ತಂದು ಎದುರಿಗಿಡಿ, ಗಂಟುಗಂಟಿಗೂ ದಿಕ್ಕು ಬದಲಿಸುವ ಡೊಂಕು ಅದರಲ್ಲಿದೆ. ದಪ್ಪ ಡ್ರಾಯಿಂಗ್ ಶೀಟ್, ದುಂಡನೆಯ ಬ್ರಷ್, ಕಪ್ಪು ಇಂಕು ಸಾಕು. ನೀರು ಬೆರೆಸಿದ ತಿಳಿ ಇಂಕಿನಲ್ಲಿ ಬೊಡ್ಡೆ ಬರೆದು, ಅದು ಹಸಿ ಇರುವಾಗಲೇ ದಟ್ಟ ಇಂಕಿನ ಹನಿ ಬಿಡಿ. ಹನಿ ತಾನಾಗಿ ಹರಡಿ ಹಳೇ ತೊಗಟೆಯಾಗುತ್ತದೆ. ಈ ಕ್ರಮದ ಹೆಸರು ತರಾಶಿಕೊಮಿ. ಜಪಾನಿನ ಚಿತ್ರಕಾರ ಒಗಾಟಾ ಕೋರಿನ್ (1658–1716) ಕೆಂಪು ಮತ್ತು ಬಿಳಿ ಉಮೆ ಮರಗಳ ಜೋಡಿ ಪರದೆಯಲ್ಲಿ ಬೊಡ್ಡೆಗಳನ್ನು ಹೀಗೇ ಮಾಡಿದ್ದಾನೆ. ನಮ್ಮ ಏಪ್ರಿಲ್ ಬಿಸಿಲಿಗೆ ಇಂಕು ನೋಡನೋಡುತ್ತಲೇ ಆರುತ್ತದೆ. ಬೆಳಗಿನ ತಂಪಿನಲ್ಲಿ ಕೂಡಿ.

ಹೂವಿಗೆ ಐದು ಎಸಳು, ತುದಿ ದುಂಡಗೆ. ಹೂವು ಕೊಂಬೆಗೆ ಅಂಟಿಕೊಂಡೇ ಇರಬೇಕು. ಎಸಳಿನ ತುದಿಯನ್ನು ಚೂರು ಸೀಳಿ, ಉದ್ದ ತೊಟ್ಟು ಎಳೆದರೆ ಅದು ಸಕುರಾ, ಅಂದರೆ ಚೆರ್ರಿ ಹೂ ಆಯಿತು. ಸಕುರಾ ಕೆಲವೇ ದಿನಗಳಲ್ಲಿ ಉದುರುವ ಹೂ. ಅಲ್ಲಿ ಅದು ಬಾಳಿನ ಅಲ್ಪಾಯುಷ್ಯಕ್ಕೆ ಗುರುತು. ಚಳಿಗೆ ಜಗ್ಗದ ಹೂವು ಒಂದು ತೊಟ್ಟಿನ ಗೆರೆಯಿಂದ ಅಗಲಿಕೆಯ ಹೂವಾಗುತ್ತದೆ! ಇಷ್ಟು ವರ್ಷ ಕಲಿಸಿದರೂ ಈ ಗೆರೆಯ ಹತ್ತಿರ ನನ್ನ ಕೈ ಇವತ್ತಿಗೂ ತಡೆಯುತ್ತದೆ.

ಜೊತೆಗೆ ಹಕ್ಕಿ ಬೇಕೆನಿಸಿದರೆ ಉಗುಯಿಸು ಬರೆಯಿರಿ, ವಸಂತ ಬಂತೆಂದು ಕೂಗಿ ಹೇಳುವ ಹಕ್ಕಿ ಅದು. ಸೇವಂತಿಯನ್ನು ಪಕ್ಕದಲ್ಲಿ ತರಬೇಡಿ. ಅದು ಶರತ್ಕಾಲದ್ದು, ದೀರ್ಘಾಯುಷ್ಯದ ಹೂ. 16 ಎಸಳಿನ ಸೇವಂತಿ ಜಪಾನ್ ಚಕ್ರವರ್ತಿ ಮನೆತನದ ಲಾಂಛನ. ಕಮಲದ ಅರ್ಥ ನಿಮಗೆ ಹೇಳಿಕೊಡಬೇಕಿಲ್ಲ. ಕೆಸರಿನಿಂದೆದ್ದ ಶುದ್ಧಿಯ ಆ ಮಾತು ಬೌದ್ಧಧರ್ಮದ ಜೊತೆ ಈ ನೆಲದಿಂದಲೇ ಅಲ್ಲಿಗೆ ಹೋದದ್ದು. ಬಾದಾಮಿ ಗುಹೆಗಳ ಚಾವಣಿಯಲ್ಲಿ ನಮ್ಮ ಕಮಲ ನೋಡಿ ಬನ್ನಿ.

ಮುಂದಿನ ಭಾನುವಾರ ಆ ಹುಡುಗಿ ತಾನೇ ಬಾರಿ ಟೊಂಗೆ ಮುರಿದು ತಂದಿದ್ದಳು. ಮೂರು ಹೂ, ಎರಡು ಮೊಗ್ಗು ಬರೆದು ಬ್ರಷ್ ಕೆಳಗಿಟ್ಟಳು.